ಅತ್ತೆಯ ಮೊಣಕಾಲು

ತಮಿಳುನಾಡಿನ ಕಂಬಂ ಕಣಿವೆಯ ಜನಕ್ಕೆ ದೇವರು ಹೊಕ್ಕುಳಿಂದ ಮೊಣಕಾಲಿನವರೆಗೆ ಏನನ್ನೂ ಇಟ್ಟಿಲ್ಲ. ಇದು ಅಮುದಾ ಎಂಬ ಫಿಜಿಯೋಥೆರಪಿಸ್ಟು ಹತ್ತು ವರ್ಷ ದುಡಿದು ಕಂಡುಕೊಂಡ ಸತ್ಯ. ಕಬಡ್ಡಿಯಲ್ಲಿ ತೊಡೆಸಂದು ಹರಿದುಕೊಂಡವನು, ಚೆಂಡು ಒದೆಯಲು ಹೋಗಿ ಸೊಂಟದ ಕೀಲು ಹಿಡಿಸಿಕೊಂಡವನು, ಓಡುತ್ತಾ ಓಡುತ್ತಾ ತೊಡೆಯ ಹಿಂಬದಿ ಚಳುಕ್ಕೆಂದು ಕುಸಿದವನು, ಯಾರೇ ಬರಲಿ, "ಎಲ್ಲಿ ನೋವು?" ಎಂದು ಕೇಳಿದರೆ ಒಂದೇ ಉತ್ತರ: "ಮುಳಂಗಾಲು, ಡಾಕ್ಟರಮ್ಮಾ." ಮುಳಂಗಾಲು ಅಂದರೆ ಮೊಣಕಾಲು. ಆ ಕಣಿವೆಯಲ್ಲಿ ಅದೊಂದೇ ಮರ್ಯಾದಸ್ಥ ಕೀಲು. ಅದರ ಮೇಲಿನದೆಲ್ಲ ನಾಚಿಕೆಯ ಸೀಮೆ.

ಅವಳ ಕ್ಲಿನಿಕ್ಕು ಇದ್ದದ್ದು ಉತ್ತಮಪಾಳಯಂ ಬಸ್‌ಸ್ಟ್ಯಾಂಡಿನ ಹಿಂದೆ, ಪಶು ಆಹಾರದ ಅಂಗಡಿಯ ಮಹಡಿ ಮೇಲೆ. ಹದಿನೆಂಟು ಮೆಟ್ಟಿಲು. ಕಾಲು ನೊಂದವರಿಗೆ ಮಹಡಿ ಮೇಲೆ ಕ್ಲಿನಿಕ್ ಇಟ್ಟವಳ ಬುದ್ಧಿಗೆ ಏನು ಹೇಳೋಣ ಎಂದು ಊರವರು ಆಡಿಕೊಂಡರು. ಬೇರೆಲ್ಲೂ ಜಾಗ ಸಿಗದೆ ಇಟ್ಟದ್ದು ನಿಜ. ಆದರೆ ಬರಬರುತ್ತಾ ಆ ಮೆಟ್ಟಿಲೇ ಅವಳ ಮೊದಲ ಪರೀಕ್ಷೆಯಾಯಿತು. ಯಾವ ಕಾಲು ಮುಂದೆ ಬರುತ್ತದೆ, ಯಾವುದು ಎಳೆದುಕೊಂಡು ಬರುತ್ತದೆ, ಎಷ್ಟನೇ ಮೆಟ್ಟಿಲಲ್ಲಿ ಕಂಬಿ ಹಿಡಿದು ಉಸಿರು ಬಿಡುತ್ತಾರೆ ಎಂಬುದನ್ನೆಲ್ಲ ಅವಳು ಒಳಗೆ ಕೂತೇ ಕೇಳಿಸಿಕೊಳ್ಳುತ್ತಿದ್ದಳು. ರೋಗಿ ಬಾಗಿಲಿಗೆ ಬರುವಷ್ಟರಲ್ಲಿ ಅರ್ಧ ರೋಗ ಗೊತ್ತಾಗಿರುತ್ತಿತ್ತು. ಉಳಿದ ಅರ್ಧಕ್ಕೆ ರೋಗಿ ಬಾಯಿ ಬಿಡಬೇಕು. ಅವನು ಬಿಡುತ್ತಿರಲಿಲ್ಲ.

ಹೀಗಿರುವಾಗ ಒಂದು ದಿನ ಮನೋಜ್‌ಕುಮಾರ್ ಬಂದ. ಹನುಮಂತನಪಟ್ಟಿ ಕಬಡ್ಡಿ ತಂಡದ ರೈಡರ್. ಏಳು ಜನ ಮೇಲೆ ಬಿದ್ದರೂ ಗೆರೆ ಮುಟ್ಟಿ ಬರುವ ಗಂಡು, "ಎಲ್ಲಿ?" ಎಂದು ಅಮುದಾ ಕೇಳಿದ್ದಕ್ಕೆ ಕಿವಿಯವರೆಗೆ ಕೆಂಪಾಗಿ ಗೋಡೆ ನೋಡತೊಡಗಿದ. ಗೋಡೆಯ ಮೇಲೆ ಕೆಳಗಿನ ಅಂಗಡಿಯವರು ಕೊಟ್ಟ ಕ್ಯಾಲೆಂಡರ್ ಇತ್ತು. ಅದರಲ್ಲಿ ಪಕ್ಕಕ್ಕೆ ತಿರುಗಿ ನಿಂತ ಒಂದು ಭಾರಿ ಎತ್ತು. ಸ್ವಲ್ಪ ಹೊತ್ತು ನೋಡಿದ ಮನೋಜ್‌ಕುಮಾರ್ ಎದ್ದು ಹೋಗಿ, ಎತ್ತಿನ ಹಿಂಗಾಲಿನ ಒಳತೊಡೆಯ ಮೇಲೆ ಬೆರಳಿಟ್ಟ.

"ಅಕ್ಕಾ, ಈ ಎತ್ಗೆ ಆಗಿದ್ರೆ... ಇಲ್ಲಿ ಆಗಿರ್ತಿತ್ತು."

ಅಮುದಾಳಿಗೆ ಕುರ್ಚಿಯಿಂದ ಎದ್ದು ಕುಣಿಯುವಷ್ಟು ಸಂತೋಷವಾಯಿತು. ಎಷ್ಟೋ ತಲೆಮಾರಿನ ಹಿಂದೆ ದನ ಹೊಡೆದುಕೊಂಡು ಕಣಿವೆಗೆ ಇಳಿದ ಕನ್ನಡದ ಒಕ್ಕಲು ಮಕ್ಕಳು ಇವರು. ಇವರ ಮನೆಗಳಲ್ಲಿ ಎತ್ತಿನ ಒಂದೊಂದು ನರದ ಹೆಸರನ್ನೂ ಊಟದ ಎಲೆಯ ಮುಂದೆಯೇ ಆಡುತ್ತಾರೆ, ಬೀಗರ ಎದುರಿಗೂ ಆಡುತ್ತಾರೆ. ಮನುಷ್ಯನ ಮೈಗೆ ಇರುವ ನಾಚಿಕೆ ಎತ್ತಿನ ಮೈಗೆ ಇಲ್ಲ. ಅಂದಿನಿಂದ ಆ ಎತ್ತು ಅವಳ ಕಾಂಪೌಂಡರ್ ಆಯಿತು. ಬಂದವರು ಎತ್ತಿನ ಮೇಲೆ ಬೆರಳಿಡುವುದು, ಇವಳು ಅವರ ಎರಡು ಮೊಣಕಾಲುಗಳ ನಡುವೆ ವಾಲಿಬಾಲ್ ಇಟ್ಟು "ಒತ್ತು" ಎನ್ನುವುದು. ಒತ್ತಿದಾಗ ತೊಡೆಸಂದಿನಲ್ಲಿ ಜೀವ ಹೋದಂತಾದರೆ ಅದು ಸ್ನಾಯು. ಒತ್ತಿದಾಗ ಏನೂ ಆಗದೆ, ಪಾದ ಹೊರಗೆ ಹೋಗುವ ಹಾಗೆ ತೊಡೆಯನ್ನು ಒಳಕ್ಕೆ ತಿರುಗಿಸಿದಾಗ ಮುಖ ಕಿವುಚಿದರೆ ಅದು ಕೀಲೋ ಮೂಳೆಯೋ. ಮನೋಜ್‌ಕುಮಾರ್ ಒತ್ತಿದ, ಕಿರುಚಿದ, ಆರು ವಾರ ಹೇಳಿದ್ದನ್ನು ಮಾಡಿದ, ಮತ್ತೆ ಗೆರೆ ಮುಟ್ಟಿದ. ಎತ್ತಿನ ಕೀರ್ತಿ ಕಣಿವೆಯಲ್ಲೆಲ್ಲ ಹಬ್ಬಿತು.

ಆದರೆ ಹಿತ್ತಲ ಗಿಡ ಮದ್ದಲ್ಲ. ಅವಳ ಸ್ವಂತ ಅತ್ತೆ ಪೇಚ್ಚಿಯಮ್ಮಾಳ್ ಮದುವೆಯಾಗಿ ಹನ್ನೊಂದು ವರ್ಷವಾದರೂ ಆ ಹದಿನೆಂಟು ಮೆಟ್ಟಿಲು ಹತ್ತಿದವಳಲ್ಲ. "ಊರೋರ ಕಾಲೆಲ್ಲ ಹಿಡೀತಾಳೆ, ಅದ್ಕೂ ಒಂದು ಕಾಲೇಜು, ಅದ್ಕೂ ಒಂದು ಬೋರ್ಡು," ಎಂದು ನೆಂಟರ ಮುಂದೆ ಹೇಳುವಳು. ಅತ್ತೆ ಹೇಳುವುದೆಲ್ಲ ಕನ್ನಡದಲ್ಲಿ, ಸೊಸೆ ಉತ್ತರಿಸುವುದೆಲ್ಲ ತಮಿಳಿನಲ್ಲಿ. ಅಮುದಾಳದೂ ಮನೆಮಾತು ಕನ್ನಡವೇ. ಆದರೆ ಶಾಲೆ ತಮಿಳು, ಕಾಲೇಜು ಇಂಗ್ಲಿಷು, ಬಾಳೆಮಂಡಿ ನಡೆಸುವ ಗಂಡ ರಾಜ್‌ಕುಮಾರನ ಜೊತೆ ತಮಿಳು ಎಂದಾಗಿ, ಕನ್ನಡ ಅವಳ ಕಿವಿಯಲ್ಲಿ ಉಳಿದಿತ್ತೇ ಹೊರತು ನಾಲಿಗೆಯಲ್ಲಿ ಇರಲಿಲ್ಲ. ತವರಿನ ಕೊಟ್ಟಿಗೆಯಲ್ಲಿ ದನಗಳನ್ನು ಬಾ, ಹೋಗು, ತಿರುಗು ಎಂದು ಗದರಿಸಿ ಬೆಳೆದಿದ್ದಳಲ್ಲ, ಅಷ್ಟು ಕನ್ನಡ ಮಾತ್ರ ತಡವರಿಸದೆ ಬರುತ್ತಿತ್ತು. ಅದನ್ನು ಅತ್ತೆಯ ಮುಂದೆ ಆಡುವಂತಿಲ್ಲವಷ್ಟೆ.

ಈ ಪೇಚ್ಚಿಯಮ್ಮಾಳ್‌ಗೆ ಐವತ್ತಾರನೇ ವಯಸ್ಸಿನಲ್ಲಿ ಓಟದ ಹುಚ್ಚು ಹಿಡಿಯಿತು. ಹಿಡಿಸಿದವಳು ಬತ್ತಲಗುಂಡಿನ ಪಾಂಡಿಯಮ್ಮಾಳ್, ಮೈದುನನ ಹೆಂಡತಿ, ಅಂದರೆ ಓರಗಿತ್ತಿ. ಇಬ್ಬರಿಗೂ ಮೂವತ್ತು ವರ್ಷದಿಂದ ಎತ್ತು ಏರಿಗೆಳೆದರೆ ಕೋಣ ನೀರಿಗೆ. ಯಾವ ಮದುವೆಯಲ್ಲಿ ಯಾರು ಮೊದಲು ಆರತಿ ಎತ್ತಿದರು ಎಂಬಲ್ಲಿಂದ ಶುರುವಾದದ್ದು. ಮೂಲ ಈಗ ಇಬ್ಬರಿಗೂ ಮರೆತಿದೆ, ಜಗಳ ಮಾತ್ರ ಗಟ್ಟಿಯಾಗಿದೆ. ಕಳೆದ ವರ್ಷ ಪಾಂಡಿಯಮ್ಮಾಳ್ ದಿಂಡಿಗಲ್‌ನಲ್ಲಿ ಹಿರಿಯರ ಕ್ರೀಡಾಕೂಟಕ್ಕೆ ಹೋಗಿ, ಐವತ್ತೈದು ದಾಟಿದ ಹೆಂಗಸರ ಸಾವಿರದೈನೂರು ಮೀಟರ್ ಓಟದಲ್ಲಿ ಮೂರನೆಯವಳಾಗಿ, ಕೊರಳಲ್ಲಿ ಪದಕ ಹಾಕಿಕೊಂಡ ಫೋಟೋವನ್ನು ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿದಳು. ನಲವತ್ತಮೂರು ಜನ ಹೆಬ್ಬೆರಳೆತ್ತಿದರು. ಅದರಲ್ಲಿ ಒಂದು ಹೆಬ್ಬೆರಳು ಪೇಚ್ಚಿಯಮ್ಮಾಳ ಗಂಡ ಆಂಡಿಯದು.

"ಅವ್ಳಾ ಓಡಿದ್ದು? ಬಸ್ಸು ಹೊಂಟ್ರೂ ನಡ್ಕಂಡೇ ಬರೋಳು ಅವ್ಳು!" ಎಂದು ಪೇಚ್ಚಿಯಮ್ಮಾಳ್ ಫೋನನ್ನು ಮಂಚದ ಮೇಲೆ ಎಸೆದಳು. ಮಾರನೆಯ ಬೆಳಿಗ್ಗೆ ಮಗನ ಹಳೇ ಬೂಟು ಹಾಕಿ, ಸೀರೆ ಎತ್ತಿ ಕಟ್ಟಿ, ಕಾಲುವೆಯ ಏರಿಯ ಮೇಲೆ ಓಡಿದಳು.

ವರ್ಷವಿಡೀ ಅವಳು ಓಡಿದ್ದು ದಿನಕ್ಕೆ ಒಂದು ಕಿಲೋಮೀಟರ್. ಈ ವರ್ಷದ ಕೂಟಕ್ಕೆ ದಿನ ಗೊತ್ತಾದದ್ದೇ ತಡ, ಒಂದು ಎರಡಾಗಿ, ಎರಡು ಐದಾಗಿ, ಆರು ವಾರದಲ್ಲಿ ಎಂಟಕ್ಕೆ ಬಂತು. "ಅತ್ತೇ, ಇಷ್ಟು ಬೇಗ ಏರಿಸಬಾರದು. ಮೂಳೆಗೂ ಒಗ್ಗಿಕೊಳ್ಳಲು ಕಾಲ ಬೇಕು. ನಡುನಡುವೆ ಬಿಡುವು ಕೊಡಿ," ಎಂದು ಅಮುದಾ ತಮಿಳಿನಲ್ಲಿ ಹೇಳಿದಳು. "ಎತ್ತಿಗೂ ಅಮಾವಾಸ್ಯೆ ದಿನ ನೊಗ ಹೂಡುವುದಿಲ್ಲವಲ್ಲ," ಎಂದೂ ಸೇರಿಸಿದಳು.

"ಸರಿ, ನಾನೂ ಅಮಾಸೆಗೆ ಓಡಕಿಲ್ಲ," ಎಂದಳು ಅತ್ತೆ. ಮಾತಿಗೆ ತಪ್ಪದೆ ತಿಂಗಳಿಗೆ ಒಂದು ದಿನ ಸುಮ್ಮನಿದ್ದಳು.

ಓಟಕ್ಕೆ ಇನ್ನು ಮೂರು ವಾರವಿದೆ ಎನ್ನುವಾಗ ಅವಳ ಬಲಗಾಲು ಸ್ವಲ್ಪ ಎಳೆಯತೊಡಗಿತು. ಎಲ್ಲಿ ನೋವು ಎಂದು ಸೊಸೆ ಕೇಳಿದಳು. ಮುಳಂಗಾಲು ಎಂದಳು ಅತ್ತೆ. ಅಮುದಾ ನೆಲದ ಮೇಲೆ ಕೂತು, ಸೀರೆಯ ಅಂಚನ್ನು ನಾಲ್ಕೇ ಬೆರಳು ಸರಿಸಿ, ಭಕ್ತಿಯಿಂದ ಆ ಮೊಣಕಾಲನ್ನು ಹಿಡಿದು ನೋಡಿದಳು. ಮಡಿಚಿದಾಗ ಒಳಗೆ ಒಂದಿಷ್ಟು ಕಟಕಟ. ಐವತ್ತೇಳಕ್ಕೆ ಯಾರ ಮೊಣಕಾಲು ಕಟಕಟ ಅನ್ನುವುದಿಲ್ಲ? ರೋಗ ಸಿಕ್ಕಿತೆಂದು ಸಮಾಧಾನವಾಯಿತು. ಮಂಜುಗಡ್ಡೆ ಇಟ್ಟಳು, ಪಟ್ಟಿ ಸುತ್ತಿದಳು, ಗೋಡೆಗೆ ಬೆನ್ನು ಕೊಟ್ಟು ಮಾಡುವ ವ್ಯಾಯಾಮ ಕಲಿಸಿದಳು. ಹತ್ತು ದಿನ ಆ ಬಡಪಾಯಿ ಮೊಣಕಾಲಿಗೆ ರಾಜೋಪಚಾರ ನಡೆಯಿತು. ಅತ್ತೆ ಸೊಸೆಯ ಕೈಗೆ ಕಾಲು ಕೊಟ್ಟು, "ನೋಡು, ನನ್ ಸೊಸೆ ಕಾಲು ಹಿಡೀತಾವ್ಳೆ" ಎಂದು ಬೇಲಿಯಾಚೆಯ ಕಮಲಮ್ಮಾಳ್‌ಗೆ ಕೂಗಿ ಹೇಳಿದಳು. ನೋವು ಮಾತ್ರ ಹೆಚ್ಚುತ್ತಲೇ ಹೋಯಿತು.

ಓಟ ಭಾನುವಾರ. ಅದರ ಹಿಂದಿನ ಸೋಮವಾರ ಸಂಜೆ ಅಮುದಾ ಕ್ಲಿನಿಕ್ಕಿನಿಂದ ಬರುವಾಗ ಅತ್ತೆ ಗದ್ದೆಯಿಂದ ವಾಪಸು ಬರುತ್ತಿದ್ದಳು. ನಡುವೆ ನೀರಿನ ಸಣ್ಣ ಕಾಲುವೆ, ಎರಡಡಿ ಅಗಲ. ಪೇಚ್ಚಿಯಮ್ಮಾಳ್ ಎಡಗಾಲನ್ನು ಆಚೆ ಇಟ್ಟಳು. ಆಮೇಲೆ ಬಗ್ಗಿ, ಎರಡೂ ಕೈಯಿಂದ ಬಲತೊಡೆಯನ್ನು ಸೀರೆ ಸಮೇತ ಹಿಡಿದು, ಹುಲ್ಲಿನ ಹೊರೆ ಎತ್ತುವಂತೆ ಎತ್ತಿ ಆಚೆ ಇಟ್ಟುಕೊಂಡಳು. ಸುತ್ತ ನೋಡಿ, ಯಾರೂ ಇಲ್ಲವೆಂದು ಖಚಿತ ಮಾಡಿಕೊಂಡು, ನೆಟ್ಟಗೆ ನಡೆದು ಮನೆಗೆ ಹೋದಳು.

ಬಾಳೆಗಿಡದ ಮರೆಯಲ್ಲಿ ನಿಂತಿದ್ದ ಅಮುದಾ ಇದನ್ನೆಲ್ಲ ನೋಡಿದಳು. ಮೊಣಕಾಲು ನೊಂದವರು ತೊಡೆಯನ್ನು ಕೈಯಿಂದ ಎತ್ತುವುದಿಲ್ಲ. ಇದು ಮೇಲಿನದು, ಸೊಂಟದ ಕೀಲಿನ ಬುಡದ್ದು. ಅಲ್ಲಿನ ನೋವು ಮೊಣಕಾಲಿಗೂ ಇಳಿಯುತ್ತದೆ ಎಂದು ಕಾಲೇಜಿನ ಮೊದಲ ವರ್ಷವೇ ಓದಿದ್ದಳು. ಓಟ ಒಮ್ಮೆಲೇ ಏರಿಸಿದ್ದು, ಮುಟ್ಟು ನಿಂತ ವಯಸ್ಸು, ದಿನದಿನಕ್ಕೆ ಬೆಳೆದ ನೋವು, ಎಲ್ಲ ಒಂದೇ ಕಡೆ ಬೆರಳು ತೋರಿಸುತ್ತಿದ್ದವು. ಮಾವ ಆಂಡಿ ಹಿಂದಿನ ವಾರ ಸುಮ್ಮನೆ ಒಂದು ಮಾತು ಹೇಳಿದ್ದ, "ಮಗ್ಗುಲು ತಿರುಗ್ವಾಗ ಅಮ್ಮಾ ಅಂತಾಳೆ" ಎಂದು. ದಿನಕ್ಕೆ ಹತ್ತು ಮಾತು ಆಡದವನು ಆಡಿದ ಒಂದು ಮಾತನ್ನು ತಾನು ಕಿವಿಗೆ ಹಾಕಿಕೊಳ್ಳಲಿಲ್ಲವಲ್ಲ! ಓದುವಾಗ ಮಧುರೈಯಲ್ಲಿ ಒಬ್ಬ ಹುಡುಗಿಯನ್ನು ನೋಡಿದ್ದಳು. ಪೊಲೀಸ್ ಆಯ್ಕೆಗೆ ಓಡುತ್ತಿದ್ದವಳು, ಬರೀ ಸ್ನಾಯು ಸೆಳೆತ ಎಂದುಕೊಂಡು ಓಡಿದಳು. ಮೈದಾನದ ನಡುವೆ ತೊಡೆಮೂಳೆಯ ಕತ್ತು ಮುರಿಯಿತು. ಆ ಹುಡುಗಿ ಮತ್ತೆ ಓಡಲಿಲ್ಲ, ಬಹಳ ದಿನ ನಡೆಯಲೂ ಇಲ್ಲ.

ಊರಿನವರ ಮೊಣಕಾಲಿಗೆಲ್ಲ ನಗುತ್ತಿದ್ದವಳು ಅತ್ತೆಯ ಮೊಣಕಾಲನ್ನು ಮಾತ್ರ ನಂಬಿದ್ದಳು. ಬೇರೆ ಯಾರಾದರೂ ಆಗಿದ್ದರೆ ಎರಡನೇ ಪ್ರಶ್ನೆ ಕೇಳುತ್ತಿದ್ದಳು. ಅತ್ತೆಯ ಮಾತಿಗೆ ಎರಡನೇ ಪ್ರಶ್ನೆ ಕೇಳುವ ಪದ್ಧತಿ ಅವರ ಕಡೆ ಇಲ್ಲ. ತನ್ನ ಮೇಲೆಯೇ ಅವಳಿಗೆ ಸಿಟ್ಟು ಬಂತು.

ಈಗ ನೋಡುವುದಾದರೂ ಹೇಗೆ? ಅತ್ತೆಯನ್ನು ಅಂಗಾತ ಮಲಗಿಸಿ ತೊಡೆ ತಿರುಗಿಸುವುದೆಂದರೆ ಆ ಮನೆಯಲ್ಲಿ ಭೂಕಂಪ. ಮಾರನೆಯ ಸಂಜೆ ಅಮುದಾ ಕ್ಯಾಲೆಂಡರ್ ಸುತ್ತಿ ಕಂಕುಳಲ್ಲಿಟ್ಟುಕೊಂಡು ಮನೆಗೆ ಬಂದಳು. ಅತ್ತೆ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದಳು. ಎದುರಿನ ಕಂಬಕ್ಕೆ ಕ್ಯಾಲೆಂಡರ್ ತೂಗುಹಾಕಿದಳು.

"ಇದ್ಯಾರ್ ಎತ್ತು?" ಎಂದಳು ಪೇಚ್ಚಿಯಮ್ಮಾಳ್. "ಕಿವಿ ನೋಡು ಕಿವಿಯ. ನಮ್ ಕಡೇದಲ್ಲ."

"ಒಬ್ಬರು ಕೇಳಿದರು ಅತ್ತೆ. ನನಗೆ ತಿಳಿಯಲಿಲ್ಲ, ನಿಮಗಾದರೆ ಗೊತ್ತು," ಎಂದು ಅಮುದಾ ತನ್ನ ತಮಿಳಿನಲ್ಲಿ ಬೆಣ್ಣೆ ಹಚ್ಚಿದಳು. "ಈ ಎತ್ತು ಮೊದಲು ಓಡಿ ಬಂದ ಮೇಲೆ ನೋಯುತ್ತಿತ್ತಂತೆ. ಆಮೇಲೆ ಓಡುವಾಗಲೇ ನೋವು. ಈಗ ಮಲಗಿ ಮಗ್ಗುಲು ಬದಲಿಸಿದರೂ ನರಳುತ್ತದಂತೆ. ಕಾಲುವೆ ದಾಟಲು ಹಿಂಗಾಲು ಎತ್ತುವುದೇ ಇಲ್ಲ."

ಪೇಚ್ಚಿಯಮ್ಮಾಳ್ ಹಾಲಿನ ಚೊಂಬು ಬದಿಗಿಟ್ಟಳು. ದನದ ವಿಚಾರ ಬಂದರೆ ಅವಳಿಗೆ ಬೇರೆ ಲೋಕ ಮರೆತುಹೋಗುತ್ತದೆ. "ಊತ ಅದ್ಯಾ? ಗೊರಸು ನೋಡ್ದ್ರಾ? ಮುಳಂಗಾಲು?"

"ಮುಳಂಗಾಲು ಹತ್ತು ದಿನ ನೋಡಿದರಂತೆ. ಏನೂ ಇಲ್ಲ."

"ಯಾವ್ ಮುಟ್ಠಾಳ ನೋಡ್ದೋನು? ಮುಳಂಗಾಲಾಗಿದ್ರೆ ದಾಟೋಕೇನು? ಇದು ಮೇಲೆ, ಬುಡ್ದಲ್ಲಿ." ಎತ್ತಿನ ಪೃಷ್ಠದ ಬಳಿ, ತೊಡೆ ಸೇರುವ ಜಾಗದಲ್ಲಿ ಅವಳ ಬೆರಳು ಚುಚ್ಚಿ ನಿಂತಿತು. "ಮೂಳೆ ಬಿರುಕು ಬಿಟ್ಟದೆ. ನರ ಅಲ್ಲ."

ಮುಟ್ಠಾಳ ಎಂಬ ಬಿರುದನ್ನು ಅಮುದಾ ನುಂಗಿಕೊಂಡಳು. "ಹಾಗಾದರೆ ಈ ಭಾನುವಾರ ಗಾಡಿ ಓಟಕ್ಕೆ ಕಟ್ಟಬಹುದಾ?"

"ಪೈತ್ಯ ಹಿಡಿದದಾ? ಇಂಥದ್ನ ಓಟಕ್ಕೆ ಕಟ್ಟೋನು ಮನ್ಸನೇ ಅಲ್ಲ. ಕಟ್ಟಾಕ್ಬೇಕು. ಎರಡ್ ತಿಂಗ್ಳು ಹುಲ್ಲು ಮುಂದಕ್ಕೇ..."

ಅಲ್ಲಿಗೆ ಮಾತು ನಿಂತಿತು. ಪೇಚ್ಚಿಯಮ್ಮಾಳ್ ಎತ್ತನ್ನು ನೋಡಿದಳು. ಸೊಸೆಯನ್ನು ನೋಡಿದಳು. ಹಸು ಬಾಲ ಬೀಸಿತು.

"ನನ್ನೇ ಎತ್ತು ಮಾಡ್ಬುಟ್ಯಾ?"

ಅಮುದಾ ತಲೆ ತಗ್ಗಿಸಿದಳು. ಪೇಚ್ಚಿಯಮ್ಮಾಳ್ ಚೊಂಬೆತ್ತಿಕೊಂಡು, ಸೆರಗು ಬಿಗಿದು, ಘನವಾಗಿ ಎದ್ದಳು. "ಆ ಎತ್ಗೆ ಬತ್ತಲಗುಂಡಲ್ಲಿ ಓರಗಿತ್ತಿ ಇಲ್ಲ ತಾಯಿ," ಎಂದು ಹೇಳಿ ಒಳಗೆ ಹೋದಳು.

ಆದರೂ ಬಿತ್ತಿದ ಅನುಮಾನ ಒಳಗೆ ಮೊಳೆಯಿತೇನೋ. ಗುರುವಾರ ಒಂದು ಎಕ್ಸ್‌ರೇಗೆ ಒಪ್ಪಿದಳು. ಅದೂ ಸೊಸೆಯ ಬಾಯಿ ಮುಚ್ಚಿಸಲು. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಪೇಚ್ಚಿಯಮ್ಮಾಳ ಸಂಭ್ರಮ ಕೇಳಬೇಡಿ. ಆ ಕಪ್ಪು ಹಾಳೆಯನ್ನು ಕಿಟಕಿಗೆ ಹಿಡಿದು ಬಂದವರಿಗೆಲ್ಲ "ನನ್ ಮುಳಂಗಾಲು, ರೊಂಬ ಚೆನ್ನಾಗದೆ" ಎಂದು ತೋರಿಸಿದಳು. ಅದು ಸೊಂಟದ ಪಟ. ಅವಳು ಹಿಡಿದದ್ದು ತಲೆಕೆಳಗಾಗಿ. ನೋಡಿದ ಕಮಲಮ್ಮಾಳ್ ಬಾವಲಿ ಎಂದುಕೊಂಡಳು, ಮರ್ಯಾದೆಗೆ ಏನೂ ಹೇಳಲಿಲ್ಲ.

"ಅತ್ತೇ, ಕೂದಲೆಳೆಯ ಬಿರುಕು ಮೊದಮೊದಲು ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ತೇನಿಗೆ ಹೋಗಿ ಎಂಆರ್‌ಐ ಮಾಡಿಸೋಣ," ಎಂದು ಅಮುದಾ ಅಂಗಲಾಚಿದಳು. ಗಂಡನಿಗೆ ಹೇಳಿದಳು. ರಾಜ್‌ಕುಮಾರ್ ಅಮ್ಮನ ಮುಖ ನೋಡಿದ, ಹೆಂಡತಿಯ ಮುಖ ನೋಡಿದ, ಮಂಡಿಗೆ ಬಾಳೆ ಲಾರಿ ಬಂದಿದೆ ಎಂದು ಹೊರಟುಹೋದ. ಅಂದು ಯಾವ ಲಾರಿಯೂ ಬಂದಿರಲಿಲ್ಲ. ಶುಕ್ರವಾರ ಪೇಚ್ಚಿಯಮ್ಮಾಳ್ ಬ್ಯಾಗಿಗೆ ಬೂಟು, ಗ್ಲೂಕೋಸ್ ಪುಡಿ, ನೋವಿನ ಮುಲಾಮು ತುಂಬಿದಳು. ಅಮುದಾಳಿಗೆ ಅನ್ನ ಸೇರಲಿಲ್ಲ. ತಾನು ಹತ್ತು ದಿನ ತಪ್ಪು ಜಾಗಕ್ಕೆ ಮಂಜುಗಡ್ಡೆ ಇಟ್ಟ ಹೊತ್ತಿನಲ್ಲಿ ಮೂಳೆ ಎಷ್ಟು ಬಿಟ್ಟಿದೆಯೋ, ನಾಡಿದ್ದು ಮೂರು ಮುಕ್ಕಾಲು ಸುತ್ತಿನಲ್ಲಿ ಯಾವ ಹೆಜ್ಜೆಗೆ ಮುರಿಯುತ್ತದೋ ಎಂದು ಲೆಕ್ಕ ಹಾಕುತ್ತಾ ಕೂತಳು.

ಶನಿವಾರ ಬೆಳಿಗ್ಗೆ ಕೊಟ್ಟಿಗೆಯ ಅಂಗಳದ ಬೇಲಿಯ ಬಳಿ ಕಮಲಮ್ಮಾಳ್ ಬಂದು, "ಕಾಲು ಹೆಂಗದೆ ಪೇಚ್ಚಿ? ಸೊಸೆ ಬ್ಯಾಡ ಅಂತಾಳಂತೆ?" ಎಂದು ಕೇಳಿದಳು. ಕೇಳಬಾರದಾಗಿತ್ತು.

"ಕಾಲಾ? ತೋರಿಸ್ತೀನಿ ನೋಡು!" ಎಂದ ಪೇಚ್ಚಿಯಮ್ಮಾಳ್ ಸೀರೆ ಎತ್ತಿ ಕಟ್ಟಿ, ನೊಂದ ಬಲಗಾಲ ಮೇಲೆ ಪೂರ್ತಿ ಭಾರ ಬಿಟ್ಟು, ಎಡಗಾಲನ್ನು ಮೇಲಕ್ಕೆತ್ತಿದಳು. ಕುಂಟಾಬಿಲ್ಲೆ ಆಡುವವಳಂತೆ ಒಂಟಿಕಾಲಲ್ಲಿ ಜಿಗಿದು ತೋರಿಸುವುದು ಅವಳ ಉದ್ದೇಶ. ಅರ್ಧ ಮುರಿದ ಮೂಳೆಯನ್ನು ಪೂರ್ತಿ ಮುರಿಯಲು ಅದಕ್ಕಿಂತ ಒಳ್ಳೆಯ ಉಪಾಯ ವೈದ್ಯಶಾಸ್ತ್ರದಲ್ಲೇ ಇಲ್ಲ.

ಅಮುದಾ ಅಡಿಗೆಮನೆಯ ಬಾಗಿಲಿನಿಂದ ನೋಡಿದಳು. ತಮಿಳಿನಲ್ಲಿ ಏನೋ ಹೇಳಬೇಕೆಂದು ಬಾಯಿ ತೆರೆದಳು. ಬಂದದ್ದು ಬೇರೆ.

"ಹೋ! ನಿಲ್ಲೇ! ಕಾಲ್ ಕೆಳಕ್ಕಿಕ್ಕೇ! ಇಕ್ಕೇ ಅಂದ್ರೆ!"

ಕಟ್ಟಿದ ಹಸು ಮೆಲುಕು ನಿಲ್ಲಿಸಿತು. ಕಮಲಮ್ಮಾಳ್ ಬೇಲಿ ಹಿಡಿದುಕೊಂಡಳು. ಪೇಚ್ಚಿಯಮ್ಮಾಳ್ ಒಂಟಿಕಾಲಲ್ಲಿ ನಿಂತಲ್ಲೇ ನಿಂತು, ಎತ್ತಿದ ಕಾಲನ್ನು ಮೆಲ್ಲಗೆ ಕೆಳಗಿಟ್ಟಳು. ಆ ಮನೆಗೆ ಸೊಸೆಯಾಗಿ ಬಂದವಳು ಅತ್ತೆಯನ್ನು ದನ ಗದರಿಸಿದ ಹಾಗೆ ಗದರಿಸಿದ್ದು ಅವರ ಇಡೀ ಕುಲದ ಚರಿತ್ರೆಯಲ್ಲಿ ಅದೇ ಮೊದಲಿರಬೇಕು.

ಅಮುದಾ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಮರುಕ್ಷಣ ಗೊಳೋ ಎಂದು ಅಳತೊಡಗಿದಳು. "ಮುರಿತದೆ ಅತ್ತೆ... ಮುರಿದೋಯ್ತದೆ..." ಎಂದು ಅಳುವಿನ ನಡುವೆಯೂ ತಡವರಿಸುತ್ತಾ ಕನ್ನಡದಲ್ಲೇ ಹೇಳಿದಳು.

ಪೇಚ್ಚಿಯಮ್ಮಾಳ್ ಹಸುವಿನ ಬೆನ್ನಿಗೆ ಒರಗಿ ನಿಂತು ಅವಳ ಕಡೆ ತಿರುಗಿದಳು.

"ಇಷ್ಟ್ ವರ್ಷ ನಂತಾವ ನಮ್ಮಾತು ಆಡ್ದೋಳಲ್ಲ. ಇವತ್ತು ಆಡ್ದೆ. ಅದೂ ಎತ್ಗೆ ಆಡೋ ಹಂಗೆ ಆಡ್ದೆ." ಆಮೇಲೆ ಕೇಳಿದಳು, "ಅಷ್ಟೊಂದ್ ಹೆದ್ರಿದ್ಯಾ?"

"ಆಮಾ," ಹೌದೆಂದು ತಲೆಯಾಡಿಸಿದಳು ಅಮುದಾ.

"ನಂಗೋಸ್ಕರ್ವಾ?"

"ಆಮಾ ಅತ್ತೆ."

ಆಗ ಎಲ್ಲರೂ ಮರೆತಿದ್ದ ಆಂಡಿ ತೆಂಗಿನಮರದ ಕೆಳಗಿನಿಂದ ಎದ್ದು ಹೋಗಿ ಮಗನ ಕಾರು ತಂದು ಅಂಗಳದಲ್ಲಿ ನಿಲ್ಲಿಸಿ, ಹಿಂದಿನ ಬಾಗಿಲು ತೆರೆದ. "ಹತ್ತು," ಎಂದ. ಮೂವತ್ತೈದು ವರ್ಷದ ದಾಂಪತ್ಯದಲ್ಲಿ ಅವನು ಹೆಂಡತಿಗೆ ಕೊಟ್ಟ ಮೊದಲ ಆಜ್ಞೆ ಅದು. ಪೇಚ್ಚಿಯಮ್ಮಾಳ್ ಆಶ್ಚರ್ಯದಲ್ಲೇ ಹತ್ತಿ ಕೂತಳು.

ತೇನಿಯ ಸ್ಕ್ಯಾನ್ ಸೆಂಟರಿನಲ್ಲಿ ಆ ದೊಡ್ಡ ಕೊಳವೆ ಅರ್ಧ ಗಂಟೆ ಢಬಢಬ ಬಡಿಯಿತು. ಹೊರಗೆ ಬಂದ ಪೇಚ್ಚಿಯಮ್ಮಾಳ್, "ಒಳ್ಗೆ ಯಾರೋ ತಗಡು ಬಡೀತಾವ್ರೆ, ರಿಪೇರಿ ಮುಗ್ದಿಲ್ಲ" ಎಂದು ದೂರಿದಳು. ಮಧ್ಯಾಹ್ನ ಮೂಳೆ ಡಾಕ್ಟರು ಪಟವನ್ನು ದೀಪದ ಮೇಲಿಟ್ಟು ತೋರಿಸಿದರು. ತೊಡೆಮೂಳೆಯ ಕತ್ತು, ಅದರ ಒಳಬದಿ, ಅಲ್ಲಿ ತೆಳ್ಳಗಿನ ಒಂದು ಗೆರೆ. ಗೆರೆ ಕತ್ತಿನ ಕಾಲುಭಾಗಕ್ಕೂ ಕಡಿಮೆ ಹೋಗಿತ್ತು. ಒಳಬದಿಯಲ್ಲಿ ಇರುವುದರಿಂದ ಆಪರೇಷನ್ ಬೇಡ, ಆರು ವಾರ ಎರಡು ಊರುಗೋಲು, ಆ ಕಾಲಿನ ಮೇಲೆ ಒಂದು ಚೂರೂ ಭಾರ ಬಿಡಬಾರದು, ಆಮೇಲೆ ಮತ್ತೊಮ್ಮೆ ನೋಡೋಣ, ಮೂಳೆ ತಾನಾಗಿ ಕೂಡಿಕೊಳ್ಳುತ್ತದೆ ಎಂದರು.

"ನಾಳೆ ಓಡಿದ್ರೆ?" ಪೇಚ್ಚಿಯಮ್ಮಾಳ್ ಕೇಳಿದಳು. ಈಗಲೂ ಅವಳಿಗೆ ಒಂದು ಚೂರು ಆಸೆ ಇತ್ತು.

"ಮೈದಾನದಿಂದ ನೇರ ಆಪರೇಷನ್ ಟೇಬಲ್ಲಿಗೆ ಬರುತ್ತೀರಿ. ಸರಿಯಾದ ಹೊತ್ತಿಗೆ ಗುರುತಿಸಿದ್ದಾರೆ. ಯಾರು ಕಳಿಸಿದ್ದು?"

ಪೇಚ್ಚಿಯಮ್ಮಾಳ್ ಸೆರಗು ಸರಿಮಾಡಿಕೊಂಡು ಎದ್ದಳು. ಹೊರಗೆ ಬಂದು ಕಾರಿಡಾರಿನ ಬೆಂಚಿನ ಮೇಲೆ ಕೂತಳು. ಒಂದು ಕಡೆ ಗಂಡ, ಒಂದು ಕಡೆ ಸೊಸೆ, ಮಡಿಲಲ್ಲಿ ಹೊಸ ಊರುಗೋಲು. ಸುತ್ತ ಇಪ್ಪತ್ತು ಮೂವತ್ತು ಜನ ಟೋಕನ್ ಹಿಡಿದು ಕಾಯುತ್ತಿದ್ದರು.

"ತಪ್ಪು ನನ್ನದು ಅತ್ತೆ," ಎಂದಳು ಅಮುದಾ. "ಹತ್ತು ದಿನ ಮೊಣಕಾಲನ್ನೇ ನೋಡುತ್ತಾ ಕೂತೆ. ನೀವು ಹೇಳಿದ್ದನ್ನು ನಂಬಿದೆ."

"ಹೂಂ," ಎಂದಳು ಪೇಚ್ಚಿಯಮ್ಮಾಳ್. "ಹನ್ನೊಂದು ವರ್ಷ್ದಲ್ಲಿ ನಾ ಹೇಳಿದ್ದು ಒಂದ್ನಾರಾ ನಂಬಿದ್ಯಾ? ಉಪ್ಪು ಕಮ್ಮಿ ಅಂದ್ರೆ ನಂಬ್ಲಿಲ್ಲ. ಮಳೆ ಬತ್ತದೆ ಅಂದ್ರೆ ನಂಬ್ಲಿಲ್ಲ. ನಾ ಆಡಿದ್ ಒಂದೇ ಒಂದು ಸುಳ್ಳ ಹುಡುಕ್ಕಂಡೋಗಿ ನಂಬ್ದೆ!"

ಅಮುದಾಳಿಗೆ ನಗು ಅಳು ಎರಡೂ ಒಟ್ಟಿಗೆ ಬಂದವು. ಅಷ್ಟರಲ್ಲಿ ಪೇಚ್ಚಿಯಮ್ಮಾಳ ಫೋನು ಹೊಡೆದುಕೊಂಡಿತು. ಪಾಂಡಿಯಮ್ಮಾಳ್. ಫೋನನ್ನು ಕಿವಿಗಿಡುವ ಅಭ್ಯಾಸ ಪೇಚ್ಚಿಯಮ್ಮಾಳ್‌ಗಿಲ್ಲ. ಸ್ಪೀಕರ್ ಹಾಕಿ ತಟ್ಟೆಯಂತೆ ಮುಂದೆ ಹಿಡಿದಳು.

"ಅಕ್ಕಾ, ನಾಳೆ ಬತ್ತೀಯಲ್ಲ? ನಂಬರ್ ಕೊಡ್ತಾವ್ರೆ, ಬೇಗ ಬಾ," ಎಂದಿತು ಬತ್ತಲಗುಂಡಿನ ದನಿ. ಗೆಲ್ಲುವವಳ ದನಿ.

"ಬರಕಿಲ್ಲ."

"ಯಾಕಕ್ಕಾ? ಏನಾಯ್ತು? ಮುಳಂಗಾಲಾ?"

ಪೇಚ್ಚಿಯಮ್ಮಾಳ್ ಕಾರಿಡಾರಿನ ಉದ್ದಕ್ಕೂ ನೋಡಿದಳು. ಟೋಕನ್ ಹಿಡಿದವರು, ನರ್ಸು, ಗಂಡ, ಎಲ್ಲರೂ ಇದ್ದರು. ಗಂಟಲು ಸರಿಮಾಡಿಕೊಂಡು, ಗದ್ದೆಯ ಈ ಬದುವಿನಿಂದ ಆ ಬದುವಿಗೆ ಕೂಗುವ ದನಿಯಲ್ಲಿ ಹೇಳಿದಳು:

"ಮುಳಂಗಾಲಲ್ಲ ಕಣೇ. ತೊಡೆಸಂದು! ತೊಡೆಸಂದೊಳ್ಗೆ ಮೂಳೆ ಬಿಟ್ಟದೆ!"

ಇಪ್ಪತ್ತು ಮೂವತ್ತು ತಲೆಗಳು ಒಟ್ಟಿಗೆ ತಿರುಗಿದವು. ಆಂಡಿ ಎದ್ದು ಹೋಗಿ ಗೋಡೆಯ ಮೇಲಿನ ನೋಟೀಸು ಓದತೊಡಗಿದ. ಫೋನಿನಿಂದ ಮಾತ್ರ ಸದ್ದಿಲ್ಲ. ಮೂವತ್ತು ವರ್ಷದಲ್ಲಿ ಪಾಂಡಿಯಮ್ಮಾಳ್ ಇಂಥ ಅವಕಾಶವನ್ನು ಬಿಟ್ಟವಳಲ್ಲ. ಪೇಚ್ಚಿಯಮ್ಮಾಳ್ ಹುಬ್ಬು ಗಂಟಿಕ್ಕಿದಳು.

"ಏನೇ? ನಗು ಬತ್ತಾ ಇಲ್ವಾ? ಸುಮ್ಕಾಗ್ಬುಟ್ಟೆ?"

"ಅಕ್ಕಾ..." ದನಿ ಸಣ್ಣದಾಗಿತ್ತು. "ನಂಗೂ ಹದ್ನೈದ್ ದಿನ್ದಿಂದ..."

"ಎಲ್ಲಿ?"

"...ಮುಳಂಗಾಲು."

ಪೇಚ್ಚಿಯಮ್ಮಾಳ್ ಸೊಸೆಯ ಕಡೆ ನೋಡಿದಳು. ಆ ನೋಟದಲ್ಲಿ ಜಗಳವೂ ಇರಲಿಲ್ಲ, ಪದಕವೂ ಇರಲಿಲ್ಲ.

"ಮುಳಂಗಾಲು ಅನ್ಬ್ಯಾಡ ಪಾಂಡಿ. ಎಲ್ಲಿ, ನಿಜ ಹೇಳು."

ದನಿ ಇನ್ನೂ ತಗ್ಗಿತು. "ಅಲ್ಲೇ ಅಕ್ಕಾ. ನೀ ಹೇಳ್ದಲ್ಲೇ."

"ನಾಳೆ ಓಡ್ಬ್ಯಾಡ," ಎಂದಳು ಪೇಚ್ಚಿಯಮ್ಮಾಳ್. "ಕೇಳಿಸ್ತಾ? ಓಡ್ಬ್ಯಾಡ. ಬೆಳಿಗ್ಗೆ ಹೊಂಟು ನಮ್ಮನೇಗೆ ಬಾ. ನಾಚ್ಕೋಬ್ಯಾಡ, ನಾನೂ ಜೊತೇಲಿರ್ತೀನಿ. ನನ್ ಸೊಸೆ ನೋಡ್ತಾಳೆ."